ಗ್ಲೈಡರ್ ಕಳೆದ ದಿನ ಅಪ್ಪ ಮರದ ಮೇಲಿದ್ದ

ನನ್ನನ್ನು ಹೆದರುಪುಕ್ಕಲಿ ಎಂದು ಯಾರಾದರೂ ಆಡಿಕೊಂಡರೆ ನಾನು ಜಗಳಕ್ಕೆ ಹೋಗುವುದಿಲ್ಲ. ನಾನು ಬೆಳೆದ ಮನೆಯಲ್ಲಿ ಒಂದು ವಾರ ಇದ್ದಿದ್ದರೆ ಅವರೂ ನನ್ನ ಹಾಗೇ ಆಗುತ್ತಿದ್ದರು. ದಂಡಿನಶಿವರದ ಕಡೆಯ ನಮ್ಮ ಮನೆ ಊರಿಗೆ ಅಂಟಿಕೊಂಡಿರಲಿಲ್ಲ. ರಾಗಿ ಹೊಲದ ಅಂಚಿಗೆ ಒಂಟಿಯಾಗಿ ನಿಂತಿತ್ತು. ಮುಂದೆ ಜಗುಲಿ, ಒಳಗೆ ಪಡಸಾಲೆ, ಪಡಸಾಲೆಯ ಒಂದು ಮಗ್ಗುಲಿಗೆ ದನದ ಕೊಟ್ಟಿಗೆ, ಇಷ್ಟಕ್ಕೂ ಮೇಲೆ ಅಟ್ಟ. ಅಟ್ಟದ ತುಂಬ ಕೊಬ್ಬರಿಗೆಂದು ಬಿಟ್ಟ ತೆಂಗಿನಕಾಯಿ. ವರ್ಷವಿಡೀ ಅವು ಅಲ್ಲೇ ಬಿದ್ದಿದ್ದು, ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುಡು ಎನ್ನುವವರೆಗೂ ಯಾರೂ ಮುಟ್ಟುವಂತಿರಲಿಲ್ಲ. ಇಲಿ ಓಡಾಡಿ ಒಂದು ಕಾಯಿ ಉರುಳಿದರೆ ಅದು ಇನ್ನೊಂದಕ್ಕೆ ತಾಗಿ, ಇನ್ನೊಂದು ಮತ್ತೊಂದಕ್ಕೆ ತಾಗಿ, ನಾವು ಮಲಗಿದ್ದ ಜಾಗದ ಮೇಲೆಯೇ ಯಾರೋ ಹೆಜ್ಜೆ ಹಾಕಿಕೊಂಡು ಹೋದಂತೆ ಸದ್ದಾಗುತ್ತಿತ್ತು. ನಾನು ಅಜ್ಜಿಯ ಸೆರಗು ಹಿಡಿದುಕೊಳ್ಳುತ್ತಿದ್ದೆ. ಅಜ್ಜಿ ಕಣ್ಣು ಬಿಡದೆಯೇ ಸಮಾಧಾನ ಮಾಡುತ್ತಿದ್ದಳು.

“ಕಾಯಿ ಮಗ್ಗಲು ಬದಲಾಯಿಸ್ತಾವೆ ಕಣೇ. ನೀನೂ ಒಂದ್ಸಲ ಹೊಳ್ಳಿ ಮಲಿಕ್ಕೊ.”

ಒಳಗೆ ತಲೆಯ ಮೇಲೆ ಕಾಯಿ ಇದ್ದರೆ ಹೊರಗೂ ತಲೆಯ ಮೇಲೆ ಕಾಯಿಯೇ. ತೋಟದಲ್ಲಿ ಮರದ ಬುಡದಲ್ಲಿ ನಿಲ್ಲಬಾರದು, ಕೂತು ಆಡಬಾರದು, ಗಾಳಿ ಎದ್ದರೆ ಸೋಗೆಯ ಕೆಳಗೆ ಹಾಯಬಾರದು. ನಮ್ಮ ಮನೆಯವರೆಲ್ಲ ತೋಟದಲ್ಲಿ ನಡೆಯುವುದನ್ನು ದೂರದಿಂದ ನೋಡಿದರೆ ಕುಡಿದವರು ಹೋಗುತ್ತಿದ್ದಾರೆ ಅನ್ನಿಸುತ್ತಿತ್ತು, ಹಾಗೆ ಮರಗಳನ್ನು ತಪ್ಪಿಸಿ ಸೊಟ್ಟಸೊಟ್ಟಗೆ ಹೋಗುತ್ತಿದ್ದೆವು. ಆದರೆ ಈ ಕಟ್ಟಳೆಗಳನ್ನೆಲ್ಲ ಮೀರಿದ ಇನ್ನೊಂದು ಕಟ್ಟಳೆ ಇತ್ತು. ಮರ ಹತ್ತಿದವರನ್ನು ಕೆಳಗಿನಿಂದ ಕೂಗಬಾರದು. ಹೆಸರು ಹಿಡಿದೂ ಕೂಗಬಾರದು, ಸುಮ್ಮನೆ ಓ ಎಂದೂ ಕೂಗಬಾರದು. ಅಜ್ಜಿಯ ತವರಿನಲ್ಲಿ ಅವಳ ಅಣ್ಣ ಮರದ ಸುಳಿಯ ಹತ್ತಿರ ಇದ್ದಾಗ ಯಾರೋ ಕೆಳಗಿನಿಂದ ಕೂಗಿದರಂತೆ. ಏನು ಎಂದು ಕೇಳಿಸಿಕೊಳ್ಳಲು ಅವನು ಬಗ್ಗಿದನಂತೆ. ಅಷ್ಟನ್ನೇ ಹೇಳಿ ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಕೂಗಿದವರು ಯಾರು ಎಂದು ಅವಳು ಯಾವತ್ತೂ ಹೇಳಲಿಲ್ಲ, ಅವಳ ಮುಖ ನೋಡಿ ನಾನೂ ಕೇಳಲಿಲ್ಲ.

ಹಾಗಾಗಿ ನಮ್ಮಲ್ಲಿ ಎಷ್ಟೇ ಅವಸರದ ಸಂಗತಿ ಇರಲಿ, ಹೋಗಿ ಮರದ ಕೆಳಗೆ ಒಂದಿಷ್ಟು ದೂರದಲ್ಲಿ ಸುಮ್ಮನೆ ನಿಲ್ಲುವುದು. ಹತ್ತಿದವನು ತಾನಾಗಿ ಇಳಿದು, ಕಾಲು ನೆಲಕ್ಕೆ ಊರಿದ ಮೇಲೆ ವಿಷಯ ಹೇಳುವುದು. ನಮ್ಮ ಅಜ್ಜ ತೀರಿಕೊಂಡಾಗ ಅಪ್ಪನಿಗೆ ಆಗಿನ್ನೂ ಮೀಸೆ ಮೂಡುತ್ತಿತ್ತಂತೆ. ಅವನು ಮರದ ಮೇಲಿದ್ದ. ಮನೆಯಿಂದ ಹೋದವರು ಟವೆಲು ಕೈಯಲ್ಲಿ ಹಿಡಿದು ಕೆಳಗೆ ನಿಂತರಂತೆ. ಅಪ್ಪ ಗೊನೆಯಲ್ಲಿ ಉಳಿದಿದ್ದ ಕಾಯನ್ನೆಲ್ಲ ಕಿತ್ತು, ಒಣಗಿದ ಗರಿಯನ್ನೂ ಕೆಡವಿ, ನಿಧಾನಕ್ಕೆ ಇಳಿದು ಬಂದ ಮೇಲೆಯೇ ಸುದ್ದಿ ಹೇಳಿದರಂತೆ. ಇದನ್ನು ಅಜ್ಜಿ ದುಃಖದ ಕತೆಯಾಗಿ ಹೇಳುತ್ತಿರಲಿಲ್ಲ. ತನ್ನ ಮನೆಯವರು ಎಂಥ ಹೊತ್ತಿನಲ್ಲೂ ಕ್ರಮ ತಪ್ಪಲಿಲ್ಲ ಎಂಬ ಹೆಮ್ಮೆಯಿಂದ ಹೇಳುತ್ತಿದ್ದಳು.

ಕಾಯಿ ಕೀಳುವವರು ಸಿಗುವುದು ಆಗಲೇ ಕಷ್ಟವಾಗಿತ್ತು. ಬತ್ತೀನಿ ಎಂದವರು ಬರುತ್ತಿರಲಿಲ್ಲ. ಅದಕ್ಕೇ ಅಪ್ಪ ತಾನೇ ಕಾಲಿಗೆ ಹಗ್ಗದ ಕುಣಿಕೆ ಹಾಕಿಕೊಂಡು, ಸೊಂಟಕ್ಕೆ ಮಚ್ಚು ಸಿಕ್ಕಿಸಿಕೊಂಡು ಹತ್ತುತ್ತಿದ್ದ. ಅವನು ಮರದ ಮೇಲಿದ್ದಷ್ಟು ಹೊತ್ತು ಅಮ್ಮ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಮಾಡುತ್ತಿರಲಿಲ್ಲ. ಕಾಯಿ ನೆಲಕ್ಕೆ ಬೀಳುವ ದೊಪ್ ಎಂಬ ಸದ್ದು ಹೊಲ ದಾಟಿ ಒಲೆಯ ಮುಂದಕ್ಕೂ ಕೇಳುತ್ತಿತ್ತು. ಕಾಯಿ ಬೀಳುತ್ತಿದ್ದರೆ ಅಪ್ಪ ಕ್ಷೇಮ. ಸದ್ದು ನಿಂತರೆ ಅಮ್ಮನ ಕೈ ಸೌಟಿನಲ್ಲೇ ನಿಂತುಬಿಡುತ್ತಿತ್ತು. ಒಂದು ಮರ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಸದ್ದು ನಿಲ್ಲಲೇಬೇಕು, ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ನಾವಿಬ್ಬರೂ ಮುಂದಿನ ಕಾಯಿ ಬೀಳುವವರೆಗೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನಾನು ಹೆದರುವುದನ್ನು ಕಲಿತದ್ದು ಆ ಒಲೆಯ ಮುಂದೆಯೇ ಇರಬೇಕು.

ಇಂಥ ಮನೆಗೆ ಗ್ಲೈಡರ್ ಎಂಬ ಆಟದ ವಿಮಾನ ತಂದವನು ಚಿಕ್ಕಪ್ಪ, ಅಪ್ಪನ ತಮ್ಮ. ಅವನು ತುಮಕೂರಿನ ಒಂದು ಕಾಲೇಜಿನ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ, ರಜೆ ಸಿಕ್ಕಾಗಲೆಲ್ಲ ಮನೆಗೆ ಬರುತ್ತಿದ್ದ. ತಂದವನು ಎಂದೆ, ನಿಜವಾಗಿ ಅವನು ಅದನ್ನು ನಮ್ಮ ಪಡಸಾಲೆಯಲ್ಲೇ ಕೂತು ಕಟ್ಟಿದ. ಊದಿದರೆ ಹಾರುವಷ್ಟು ಹಗುರವಾದ ಮರದ ಪಟ್ಟಿಗಳನ್ನು ಬ್ಲೇಡಿನಲ್ಲಿ ಕೊಯ್ದು, ಅಂಟಿಸಿ, ಮೇಲೆ ತೆಳ್ಳನೆಯ ಬಿಳಿ ಹಾಳೆ ಎಳೆದು, ರೆಕ್ಕೆಯ ತುದಿಗಳಿಗೆ ಕೆಂಪು ಬಳಿದ. ಆ ರೆಕ್ಕೆ ನಾನು ಎರಡೂ ಕೈ ಚಾಚಿದರೂ ಸಾಲದಷ್ಟು ಉದ್ದವಿತ್ತು. ಒಂದು ಬೇಸಿಗೆಯಿಂದ ಮುಂದಿನ ಸುಗ್ಗಿಯವರೆಗೆ ಪಡಸಾಲೆಯ ಒಂದು ಮೂಲೆ ಅದಕ್ಕೇ ಮೀಸಲಾಯಿತು. ಅಮ್ಮನಿಗೆ ಅಂಟಿನ ವಾಸನೆ ಆಗುತ್ತಿರಲಿಲ್ಲ. ಬಸ್ಸಾರಿಗೂ ಅದೇ ವಾಸನೆ ಹತ್ತುತ್ತದೆ ಎಂದು ಅವಳು ಗೊಣಗಿದರೆ, ಚಿಕ್ಕಪ್ಪ ಇನ್ನೊಂದು ಸೌಟು ಸಾರು ಹಾಕಿಸಿಕೊಂಡು ಬಾಯಿ ಮುಚ್ಚಿಸುತ್ತಿದ್ದ. ಅಜ್ಜಿಯ ತಕರಾರು ಬೇರೆ.

“ಇಂಜಿನ್ನೇ ಇಲ್ಲ ಅಂತೀಯ. ಮತ್ತೆ ಅದು ಯಾರ ಮಾತು ಕೇಳ್ತದ್ಲಾ?”

“ನನ್ನ ಮಾತು ಕೇಳ್ತದೆ ಕಣವ್ವ. ಈ ರಿಮೋಟ್ ಐತಲ್ಲ, ಕಡ್ಡಿ ಹಿಂಗಂದ್ರೆ ಹಿಂಗೆ ತಿರುಗ್ತದೆ, ಹಂಗಂದ್ರೆ ಹಂಗೆ.”

“ಸದ್ದೂ ಮಾಡಾಕಿಲ್ಲ?”

“ಒಂಚೂರೂ ಇಲ್ಲ.”

ಸದ್ದಿಲ್ಲದೆ ಬರುವ ಯಾವುದನ್ನೂ ಅಜ್ಜಿ ನಂಬುತ್ತಿರಲಿಲ್ಲ. ಬೀಳುವ ಸೋಗೆಯೂ ಒಂದು ಸಲ ಲಟಕ್ ಎಂದೇ ಬೀಳುತ್ತದೆ, ಇದು ಯಾವ ಸೀಮೆಯದು ಎಂದು ಅವಳ ಅನುಮಾನ. ನನಗೆ ಅದರ ಮೇಲೆ ಭಯವೂ ಇತ್ತು, ಆಸೆಯೂ ಇತ್ತು. ಅದನ್ನು ಹಾರಿಸುವಾಗ ದಾರ ಹಿಡಿದು ಓಡುವ ಕೆಲಸ ನನ್ನದು. ಅದರ ಹೊಟ್ಟೆಯ ಕೆಳಗಿನ ಕೊಕ್ಕೆಗೆ ಉದ್ದನೆಯ ನೈಲಾನ್ ದಾರದ ಉಂಗುರ ಸಿಕ್ಕಿಸುತ್ತಿದ್ದ ಚಿಕ್ಕಪ್ಪ. ಗಾಳಿಗೆ ಎದುರಾಗಿ ನಾನು ಓಡಬೇಕು, ಅದು ಗಾಳಿಪಟದ ಹಾಗೆ ಏರಬೇಕು, ನೆತ್ತಿಗೆ ಬಂದಾಗ ಉಂಗುರ ಕಳಚಿಕೊಂಡು ದಾರ ಮಾತ್ರ ಕೆಳಗೆ ಬರಬೇಕು. ಕಳಚಿಕೊಂಡ ಆ ಕ್ಷಣ ಕೈಯಲ್ಲಿನ ಭಾರ ಇದ್ದಕ್ಕಿದ್ದಂತೆ ಇಲ್ಲವಾಗುತ್ತಿತ್ತು. ತಲೆಯೆತ್ತಿ ನೋಡಿದರೆ ಅದು ರೆಕ್ಕೆ ಬಡಿಯದೆ ತೇಲುತ್ತಿರುತ್ತಿತ್ತು.

ಅದು ಕಳೆದುಹೋದದ್ದು ಒಂದು ಭಾನುವಾರ. ರಾಗಿ ಕೊಯ್ದು ಹೊಲವೆಲ್ಲ ಬರೀ ಕೂಳೆಯಾಗಿತ್ತು. ಬೆಳಿಗ್ಗೆ ಅಣ್ಣತಮ್ಮಂದಿರಿಗೆ ಸಣ್ಣ ಮಾತಾಯಿತು. ಕಾಯಿ ಕೀಳುವವನು ಅವತ್ತೂ ಕೈಕೊಟ್ಟಿದ್ದ. ಅಪ್ಪ ಹಗ್ಗ ಹೆಗಲಿಗೆ ಹಾಕಿಕೊಂಡು ಜಗುಲಿಯಿಂದ ಇಳಿಯುತ್ತ ತಮ್ಮನನ್ನು ಕರೆದ.

“ಬತ್ತೀಯೇನ್ಲಾ, ಕಾಯಿ ಒಟ್ಟುಹಾಕೋಕೆ ಒಬ್ರು ಬೇಕು.”

“ಒಂದ್ಸಲ ಹಾರಿಸ್ಬುಟ್ಟು ಬತ್ತೀನಿ ಕಣಣ್ಣ. ಗಾಳಿ ಚೆನ್ನಾಗೈತೆ.”

“ಗಾಳಿ ಚೆನ್ನಾಗೈತೆ ಅಂತ್ಲೇ ಯೋಳಿದ್ದು. ನನಗೂ ಮರ ತೂಗಾಡ್ತದೆ.”

ಅಪ್ಪ ಇನ್ನೇನೂ ಹೇಳದೆ ಹೋದ. ಸಿಟ್ಟು ಬಂದರೆ ಅವನು ಮಾತು ಕಡಿಮೆ ಮಾಡುತ್ತಿದ್ದ. ಅಮ್ಮ ಮುದ್ದೆ ಮುಗಿಸಿ ಬುತ್ತಿ ತರುತ್ತೇನೆ ಎಂದಳು. ಅಜ್ಜಿ ಹಿತ್ತಲ ಕೋಣೆಯಲ್ಲಿ ಹುರುಳಿಕಾಳು ಕೇರಲು ಕೂತಳು. ನಾನೂ ಚಿಕ್ಕಪ್ಪನೂ ಹೊಲಕ್ಕೆ ಹೋದೆವು. ತೋಟದಿಂದ ದೊಪ್, ದೊಪ್ ಎಂದು ಕಾಯಿ ಬೀಳುವ ಸದ್ದು ಬರುತ್ತಿತ್ತು. ಬದುವಿನ ಪಕ್ಕದ ಎಲ್ಲಕ್ಕಿಂತ ಎತ್ತರದ ಮರದ ತಲೆಯಲ್ಲಿ ಗರಿಗಳ ನಡುವೆ ಅಪ್ಪನ ಬಿಳಿ ಬನಿಯನ್ ಕಾಣುತ್ತಿತ್ತು.

ನಾನು ತೋಟಕ್ಕೆ ಬೆನ್ನು ಮಾಡಿ ಓಡಿದೆ. ಉಂಗುರ ಕಳಚಿತು. ಅವತ್ತು ಗ್ಲೈಡರ್ ಹಿಂದೆಂದೂ ಏರದಷ್ಟು ಮೇಲಕ್ಕೆ ಏರಿತು. ಬಿಸಿಲಿಗೆ ಕಾದ ಹೊಲದಿಂದ ಏಳುವ ಗಾಳಿ ಅದನ್ನು ಎತ್ತಿಕೊಳ್ಳುತ್ತದೆ ಎಂದು ಚಿಕ್ಕಪ್ಪ ನಗುತ್ತ ವಿವರಿಸುತ್ತಿದ್ದ. ಹಾಗೆ ವಿವರಿಸುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿದ. ರಿಮೋಟಿನ ಕಡ್ಡಿಯನ್ನು ಬಲಕ್ಕೆ ತಳ್ಳಿದ. ಎಡಕ್ಕೆ ತಳ್ಳಿದ. ಏರಿಯಲ್ಲನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು ಮತ್ತೆ ತಳ್ಳಿದ.

“ಮಾತು ಕೇಳ್ತಿಲ್ಲ ಕಣೇ.”

ದೂರ ಜಾಸ್ತಿಯಾಯಿತೋ, ಒಳಗಿನ ಬ್ಯಾಟರಿ ಸತ್ತಿತೋ ಅವನಿಗೂ ಗೊತ್ತಾಗಲಿಲ್ಲ. ಗ್ಲೈಡರ್ ಒಂದು ದೊಡ್ಡ ಸುತ್ತು ಹಾಕಿತು. ಎರಡನೆಯ ಸುತ್ತಿನಲ್ಲಿ ಕೆಳಗಿಳಿಯಿತು, ಗಾಳಿ ಅದನ್ನು ತೋಟದ ಕಡೆಗೆ ತಳ್ಳುತ್ತಿತ್ತು. ಅದು ಹೋಗುತ್ತಿದ್ದ ಎತ್ತರವನ್ನೂ ಬಿಳಿ ಬನಿಯನ್ ಇದ್ದ ಎತ್ತರವನ್ನೂ ನಾವಿಬ್ಬರೂ ಒಟ್ಟಿಗೇ ಅಳೆದೆವು ಅಂತ ಕಾಣುತ್ತದೆ. ಅಪ್ಪ ನಮಗೆ ಬೆನ್ನು ಹಾಕಿ ಗೊನೆಯ ಕಡೆಗೆ ವಾಲಿದ್ದ. ಸದ್ದಿಲ್ಲದ ವಸ್ತು, ಹತ್ತಿರ ಬಂದರೂ ಅವನಿಗೆ ತಿಳಿಯುವುದಿಲ್ಲ. ಚಿಕ್ಕಪ್ಪ ಅಣ್ಣಾ ಎನ್ನಲು ಬಾಯಿ ತೆರೆದ. ತೆರೆದ ಬಾಯನ್ನು ಅಂಗೈಯಿಂದ ಮುಚ್ಚಿಕೊಂಡ. ನನ್ನ ಗಂಟಲಿಗೂ ಅಪ್ಪಾ ಎಂಬುದು ಬಂದು ನಿಂತಿತ್ತು. ಕೂಗಿದರೆ ಅವನು ತಿರುಗುತ್ತಾನೆ, ತಿರುಗಿದರೆ ಅಜ್ಜಿಯ ಅಣ್ಣನ ಹಾಗೆ ಬಗ್ಗುತ್ತಾನೆ. ಕೂಗದಿದ್ದರೆ ಅದು ಹೋಗಿ ಅವನ ಬೆನ್ನಿಗೆ ಬಡಿಯುತ್ತದೆ. ಎರಡರಲ್ಲಿ ಯಾವುದೂ ಬೇಡ ಎಂದು ಮೈಯೆಲ್ಲ ಬೇಡಿಕೊಳ್ಳುತ್ತಿತ್ತು. ನಾವು ಓಡಿದೆವು. ರಿಮೋಟು ಕೂಳೆಯಲ್ಲೇ ಬಿತ್ತು. ಕೂಳೆ ಚುಚ್ಚಿ ಕಾಲು ಹರಿದು ರಕ್ತ ಬಂದರೂ ನನ್ನ ಬಾಯಿಂದ ಅಮ್ಮಾ ಎಂಬ ಸದ್ದೂ ಹೊರಡಲಿಲ್ಲ.

ಬುತ್ತಿಯ ಕುಕ್ಕೆ ತಲೆಯ ಮೇಲಿಟ್ಟುಕೊಂಡು ಬರುತ್ತಿದ್ದ ಅಮ್ಮ ನಮ್ಮನ್ನು ನೋಡಿದಳು. ಏನು ಎಂದು ಅವಳೂ ಕೇಳಲಿಲ್ಲ. ಕುಕ್ಕೆ ಇಳಿಸಿ, ಸೀರೆ ಎತ್ತಿ ಕಟ್ಟಿ, ನಮ್ಮ ಹಿಂದೆ ಓಡಿಬಂದಳು. ನಾವು ಮೂವರೂ ಬದುವಿನ ಹತ್ತಿರ ಮುಟ್ಟುವಷ್ಟರಲ್ಲಿ ಗ್ಲೈಡರ್ ಮರದ ತಲೆಯ ಹತ್ತಿರವೇ ಇತ್ತು. ಒಂದು ಗರಿಯ ತುದಿ ಅಲುಗಿತು. ಅದು ಗಾಳಿಗೆ ಅಲುಗಿತೋ ರೆಕ್ಕೆ ತಾಗಿ ಅಲುಗಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಗ್ಲೈಡರ್ ಆಚೆಗೆ ದಾಟಿತು. ಅಪ್ಪ ಅಲ್ಲೇ ಇದ್ದ. ಬಿದ್ದಿರಲಿಲ್ಲ. ನಾವು ಮರದಿಂದ ಒಂದಿಷ್ಟು ದೂರದಲ್ಲಿ ನಿಂತುಕೊಂಡೆವು, ಅಭ್ಯಾಸಬಲದಿಂದ, ಯಾವಾಗಲೂ ನಿಲ್ಲುವ ಹಾಗೆ. ಅಪಾಯ ಕಳೆದಿತ್ತು, ಇನ್ನು ಅವನು ಇಳಿದು ಬಂದರೆ ಸಾಕು.

ಅವನು ಇಳಿಯಲಿಲ್ಲ. ಕೆಳಗೆ ನೋಡಿದ. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ. ಆಮೇಲೆ ಮುಖ ತಿರುಗಿಸಿಕೊಂಡು ಮರವನ್ನು ಎರಡೂ ತೋಳಿನಿಂದ ತಬ್ಬಿ ಹಾಗೇ ಉಳಿದ. ಕಾಯಿ ಬೀಳುವುದು ನಿಂತಿತ್ತು. ಗರಿಯ ಸರಭರ ಬಿಟ್ಟರೆ ಇಡೀ ತೋಟದಲ್ಲಿ ಒಂದು ಸದ್ದಿಲ್ಲ. ಪೆಟ್ಟಾಗಿದೆಯೋ, ಕೈಕಾಲು ಹಿಡಿದುಕೊಂಡಿದೆಯೋ, ತಲೆ ಸುತ್ತುತ್ತಿದೆಯೋ ಕೇಳೋಣವೆಂದರೆ ಕೇಳುವಂತಿಲ್ಲ. ಅಮ್ಮ ನನ್ನ ಭುಜವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅವಳ ಬಳೆ ಒಡೆದು ನನ್ನ ತೋಳಿಗೆ ಚುಚ್ಚಿತು. ಚಿಕ್ಕಪ್ಪ ಎರಡೂ ಕೈ ಮುಂದಕ್ಕೆ ಚಾಚಿ ನಿಂತಿದ್ದ, ಅಷ್ಟು ಎತ್ತರದಿಂದ ಬಿದ್ದವನನ್ನು ಹಿಡಿದುಬಿಡುತ್ತಾನೇನೋ ಎಂಬಂತೆ. ನನ್ನ ಬಾಲ್ಯದಲ್ಲಿ ಅದಕ್ಕಿಂತ ದೊಡ್ಡ ಭಯ ಇನ್ನೊಂದು ಬರಲಿಲ್ಲ.

ಕೊನೆಗೆ ಅಪ್ಪ ಇಳಿದ. ದಿನಾ ಇಳಿಯುವ ಹಾಗೆ ಇಳಿಯಲಿಲ್ಲ, ಮಧ್ಯೆ ಒಂದು ಕಡೆ ಜಾರಿ ಎದೆ ತರಚಿಕೊಂಡ. ಕಾಲು ನೆಲಕ್ಕೆ ಊರಿ, ಮರಕ್ಕೆ ಒರಗಿ, ನಮ್ಮ ಮೂವರ ಆಚೆಗೆ ಮನೆಯ ಕಡೆ ನೋಡುತ್ತ ಕೇಳಿದ.

“ಅವ್ವನಾ?”

ನಮಗೆ ಅರ್ಥವಾಗಲಿಲ್ಲ. ಮೊದಲು ಅರ್ಥವಾದದ್ದು ಅಮ್ಮನಿಗೆ. ಅವಳು ನೆಲದ ಮೇಲೆ ಕುಸಿದು ಕೂತು, ಇಲ್ಲ ಇಲ್ಲ ಎಂದು ಎರಡೂ ಕೈ ಆಡಿಸಿದಳು. ಮನೆಯವರು ಬಾಯಿ ಮುಚ್ಚಿಕೊಂಡು ಓಡಿಬಂದು ಮರದ ಕೆಳಗೆ ನಿಂತದ್ದನ್ನು ಅಪ್ಪ ಮೇಲಿನಿಂದ ನೋಡಿದ್ದ. ಹೆಂಡತಿ ಇದ್ದಾಳೆ, ತಮ್ಮ ಇದ್ದಾನೆ, ಮಗಳಿದ್ದಾಳೆ. ಇಲ್ಲದಿದ್ದವಳು ಒಬ್ಬಳೇ. ಹಿಂದೆ ತನ್ನ ಅಪ್ಪನ ಸುದ್ದಿ ಹಾಗೇ ಬಂದು ನಿಂತಿತ್ತಲ್ಲ. ಇಳಿದರೆ ಕೇಳಬೇಕಾಗುತ್ತದೆ ಎಂದು ಅವನು ಇಳಿಯಲಾರದೆ ಮೇಲೆಯೇ ಉಳಿದುಬಿಟ್ಟಿದ್ದ.

“ಗ್ಲೈಡರ್ ಕಣಣ್ಣ,” ಎಂದ ಚಿಕ್ಕಪ್ಪ. “ಗ್ಲೈಡರ್ ಕೈತಪ್ಪೋಯ್ತು. ನಿನಗೆ ಬಡೀತದೆ ಅಂತ ಬಂದ್ವಿ.”

ಅಪ್ಪ ಬೈಯಲಿಲ್ಲ. ಹಗ್ಗವನ್ನೂ ಬಿಚ್ಚದೆ ಕುಣಿಕೆಯನ್ನು ಒಂದು ಕಾಲಿನಲ್ಲಿ ಎಳೆದುಕೊಂಡೇ ಹೊಲ ದಾಟಿ ಮನೆಗೆ ನಡೆದ. ನಾವು ಹಿಂದೆ ಹೋದೆವು. ಅಜ್ಜಿ ಹಿತ್ತಲ ಕೋಣೆಯಲ್ಲಿ ಮೊರ ಹಿಡಿದು ಕೂತಿದ್ದಳು, ಹುರುಳಿಯ ಹೊಟ್ಟು ಅವಳ ಕೂದಲಿಗೆಲ್ಲ ಹತ್ತಿತ್ತು. ಅಪ್ಪ ಬಾಗಿಲಲ್ಲಿ ನಿಂತು ಅವಳನ್ನು ನೋಡಿದ.

“ಯಾಕ್ಲಾ ಹಂಗೆ ನೋಡ್ತೀಯ? ಎದೆ ಯಾಕೆ ತರಚೈತೆ?”

ಅಪ್ಪ ಹೋಗಿ ಅವಳ ಪಕ್ಕ ನೆಲಕ್ಕೆ ಕೂತು, ಮೊರದಿಂದ ಒಂದು ಹಿಡಿ ಹುರುಳಿ ತೆಗೆದು ಕಲ್ಲು ಆರಿಸತೊಡಗಿದ. ಅಪ್ಪ ಕಾಳು ಆರಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಗ್ಲೈಡರ್ ಸಿಗಲಿಲ್ಲ. ಅದು ಮರ ದಾಟಿದ ಮೇಲೆ ಎಲ್ಲಿಗೆ ಹೋಯಿತು ಎಂದು ನೋಡಿದವರೇ ಇರಲಿಲ್ಲ. ನಾವು ಮೂವರೂ ಅಪ್ಪನನ್ನು ನೋಡುತ್ತಿದ್ದೆವು, ಅಷ್ಟೆತ್ತರದಲ್ಲಿದ್ದ ಅಪ್ಪ ನಮ್ಮನ್ನು ನೋಡುತ್ತಿದ್ದ. ಚಿಕ್ಕಪ್ಪ ತುರುವೇಕೆರೆ ಕಡೆಯ ತೋಟಗಳಲ್ಲೆಲ್ಲ ಕತ್ತೆತ್ತಿ ಅಲೆದ, ಚಿಕ್ಕನಾಯಕನಹಳ್ಳಿಯ ಗುಡ್ಡದ ಕಡೆ ಕುರಿ ಮೇಯಿಸುವವರನ್ನು ವಿಚಾರಿಸಿದ. ಬಿಳಿ ರೆಕ್ಕೆ, ಕೆಂಪು ತುದಿ ಎಂದರೆ ಯಾವ ಹಕ್ಕಿ ಸ್ವಾಮಿ ಎಂದು ಅವರೇ ಇವನನ್ನು ಕೇಳಿದರಂತೆ. ಹೊಲದಲ್ಲಿ ಬಿದ್ದಿದ್ದ ರಿಮೋಟನ್ನು ನಾನು ತಂದು ಅಟ್ಟದ ಮೇಲೆ ಇಟ್ಟೆ. ಅದು ಇವತ್ತಿಗೂ ಅಲ್ಲೇ ಕಾಯಿಗಳ ನಡುವೆ ಎಲ್ಲೋ ಇದೆ. ಚಿಕ್ಕಪ್ಪ ಮತ್ತೆ ಇನ್ನೊಂದು ಕಟ್ಟಲಿಲ್ಲ. ಅಮ್ಮ ಮಾತ್ರ ಬಹಳ ದಿನ, ಬಸ್ಸಾರಿನಲ್ಲಿ ಅಂಟಿನ ವಾಸನೆ ಇಲ್ಲದಿದ್ದರೆ ಏನೋ ಕಡಿಮೆ ಅನ್ನಿಸುತ್ತದೆ ಎಂದು ಅವನನ್ನು ರೇಗಿಸುತ್ತಿದ್ದಳು.

ಆ ದಿನ ಊಟಕ್ಕೆ ಕೂತಾಗ ತಾಯಿಗೂ ಮಗನಿಗೂ ನಡೆದ ಮಾತು ನನಗೆ ಅಕ್ಷರಕ್ಕಕ್ಷರ ನೆನಪಿದೆ. ಅಜ್ಜಿಗೆ ಅಷ್ಟರಲ್ಲಿ ಎಲ್ಲ ತಿಳಿದಿತ್ತು.

“ಒಂದು ಮಾತು ಕೂಗಿದ್ರೆ ಏನಾಗ್ತಿತ್ತು?” ಎಂದ ಅಪ್ಪ.

“ಕೂಗಿದ್ರೆ ನೀನು ಈಗ ಹಿಂಗೆ ಕೂತ್ಕಂಡು ಮುದ್ದೆ ಮುರೀತಿರ್ಲಿಲ್ಲ.”

“ಕೂಗ್ದೆ ಇದ್ದಿದ್ದಕ್ಕೇ ಕೈ ಬುಟ್ಟೋಗಿತ್ತು ಕಣವ್ವ. ಆ ಗ್ಲೈಡರು ನನಗೆ ಕಾಣ್ಲೇ ಇಲ್ಲ. ಇವ್ರು ನಿಂತಿದ್ದು ಕಾಣ್ತು. ಮೈಯಾಗಿನ ಬಲ ಎಲ್ಲ ಹೋಯ್ತು.”

ಅಜ್ಜಿ ಮುರಿದ ಮುದ್ದೆಯನ್ನು ತಟ್ಟೆಗೇ ಇಳಿಸಿದಳು. ತನ್ನ ಜೀವಮಾನದಲ್ಲಿ ಯಾರಿಗೂ ಬಿಟ್ಟುಕೊಡದ ಕಟ್ಟಳೆ ಅದು. ಅಮ್ಮ ಸಾರು ಬಡಿಸುವುದನ್ನು ನಿಲ್ಲಿಸಿದಳು. ಕೊನೆಗೆ ಅಜ್ಜಿ ನನ್ನ ಕಡೆ ತಿರುಗಿದಳು.

“ಕೂಗೋದು ಬ್ಯಾಡ. ತ್ವಾಟಕ್ಕೆ ಹೋಗೋವಾಗ ಏನಾರ ಮಾತಾಡ್ಕಂಡು ಹೋಗು. ದೂರದಿಂದ್ಲೇ ಶುರು ಮಾಡು, ಮೆಲ್ಲಗೆ. ಮಾತು ಕೇಳ್ತಿದ್ರೆ ಮನೇಲಿ ಎಲ್ಲ ನೆಟ್ಟಗವ್ರೆ ಅಂತ ಗೊತ್ತಾಗ್ತದೆ.”

ಹೀಗೆ ನಾನು ಮಾತಿನಮಲ್ಲಿಯಾದೆ. ಹೊಲದ ತುದಿಯಿಂದಲೇ ಶುರುಮಾಡುತ್ತಿದ್ದೆ. ಕರು ಹಗ್ಗ ಕಡಿದದ್ದು, ಶಾಲೆಯಲ್ಲಿ ಪೆಟ್ಟು ತಿಂದದ್ದು, ಅಮ್ಮ ಉಪ್ಪು ಮರೆತದ್ದು, ಹೇಳಲು ಏನೂ ಇಲ್ಲದಿದ್ದರೆ ಮಗ್ಗಿ. ಅಪ್ಪ ಮೇಲಿನಿಂದ ಹೂಂ ಎನ್ನುತ್ತಿದ್ದ, ಕಾಯಿ ದೊಪ್ಪೆನ್ನುತ್ತಿತ್ತು. ದಾರಿಯಲ್ಲಿ ಹೋಗುವವರು ಈ ಹುಡುಗಿಗೆ ಏನಾಗಿದೆ ಎಂದು ನಗುತ್ತಿದ್ದರು. ಈಗ ತಿಪಟೂರಿನ ಶಾಲೆಯಲ್ಲಿ ಪಾಠ ಹೇಳುವ ನಾನು ಸ್ಟಾಫ್ ರೂಮಿಗೆ ಹೋಗುವಾಗಲೂ ವರಾಂಡದಿಂದಲೇ ಮಾತು ಶುರು. ಟೀಚರಿಗೆ ಬಾಯಿ ಜಾಸ್ತಿ ಎನ್ನುತ್ತಾರೆ. ಅದು ಬಾಯಲ್ಲ, ಭಯ. ಎಲ್ಲಾದರೂ ನಾಲ್ಕು ಜನ ಸುಮ್ಮನೆ ನಿಂತದ್ದು ಕಂಡರೆ ಈಗಲೂ ನಾನೇ ಹೋಗಿ ಏನಾದರೂ ಮಾತು ತೆಗೆಯುತ್ತೇನೆ.

ಅಜ್ಜಿ ಹೋದದ್ದು ನಾನು ಕಾಲೇಜಿನಲ್ಲಿದ್ದಾಗ, ರಜೆಗೆ ಮನೆಗೆ ಬಂದಿದ್ದ ದಿನ. ಬಿಸಿಲು ಏರುವ ಹೊತ್ತಿಗೆ ಗೋಡೆಗೆ ಒರಗಿ ಕೂತವಳು ಹಾಗೇ ಒರಗಿಯೇ ಇದ್ದಳು. ಅಪ್ಪ ಮರದ ಮೇಲಿದ್ದ. ಅಮ್ಮ ನನ್ನ ಮುಖ ನೋಡಿದಳು. ಹೋಗಬೇಕಾದವಳು ನಾನೇ. ಸುಮ್ಮನೆ ಹೋಗಿ ನಿಂತರೆ ಅವನು ಮೇಲೆಯೇ ತಿಳಿದುಬಿಡುತ್ತಾನೆ, ಜಾರುತ್ತಾನೆ. ಮಾತಾಡಿಕೊಂಡು ಹೋದರೆ ಎಲ್ಲ ನೆಟ್ಟಗಿದ್ದಾರೆ ಎಂದು ಸುಳ್ಳು ಹೇಳಿದ ಹಾಗೆ, ಅದೂ ಅಜ್ಜಿ ಹೇಳಿಕೊಟ್ಟ ಮಾತಿನಿಂದಲೇ. ಹೊಲದ ತುದಿಯಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡೆ. ಆಮೇಲೆ ಶುರು ಮಾಡಿದೆ. ಬಸ್ಸಿನಲ್ಲಿ ಸೀಟು ಸಿಗದೆ ಹೋದದ್ದು ಹೇಳಿದೆ, ಪಕ್ಕದ ಮನೆಯ ಮೇಕೆ ನಮ್ಮ ದಾಸವಾಳ ತಿಂದದ್ದು ಹೇಳಿದೆ, ಚಿಕ್ಕಪ್ಪನ ಮಗುವಿಗೆ ಹಲ್ಲು ಬಂದದ್ದು ಹೇಳಿದೆ. ಅಪ್ಪ ಹೂಂ ಎಂದ. ಮೇಲಿನ ಹಲ್ಲೋ ಕೆಳಗಿನದೋ ಎಂದೂ ಕೇಳಿದ. ಕೆಳಗಿನದು ಎಂದೆ. ಅವನು ಒಂದೊಂದೇ ಹಿಡಿತ ಬದಲಿಸಿ ಇಳಿಯುತ್ತಿದ್ದ, ನಾನು ಮಾತಿಗೆ ಮಾತು ಪೋಣಿಸುತ್ತಿದ್ದೆ, ಏನು ಹೇಳುತ್ತಿದ್ದೇನೆಂದು ನನಗೇ ಕೇಳಿಸುತ್ತಿರಲಿಲ್ಲ. ಅವನ ಕಾಲು ನೆಲಕ್ಕೆ ಊರಿತು. ನನ್ನ ಮಾತು ನಿಂತಿತು.

“ಅವ್ವನಾ?” ಎಂದ ಅಪ್ಪ.

ನಾನು ತಲೆಯಾಡಿಸಿದೆ. ಅವನು ಬಗ್ಗಿ ಕಾಲಿನ ಕುಣಿಕೆಯನ್ನು ನಿಧಾನಕ್ಕೆ ಬಿಚ್ಚಿದ, ಹಗ್ಗವನ್ನು ಸುತ್ತಿ ಹೆಗಲಿಗೆ ಹಾಕಿಕೊಂಡ.

“ಮನೆ ಮುಂದೆ ಜನ ಸೇರ್ತಿದ್ದುದು ಮ್ಯಾಲಿಂದ ಆವಾಗ್ಲೇ ಕಾಣ್ತು ಕಣವ್ವ,” ಎಂದ. “ನೀನು ಮಾತಾಡ್ಕಂಡು ಬತ್ತಿದ್ಯಲ್ಲ, ಅದನ್ನೇ ಹಿಡ್ಕಂಡು ಇಳ್ದೆ. ಎಲ್ಲಿ ಮಧ್ಯದಾಗೆ ನಿಲ್ಲಿಸ್ಬುಡ್ತೀಯೋ ಅಂತ ಭಯ ಆಗ್ತಿತ್ತು.”